ಧಾರಣೆಯ ಪಟ್ಟಿಯನ್ನು ಫೋನು ಏಕೆ ಓದಿ ಹೇಳುವುದಿಲ್ಲ?

ಪ್ರಶ್ನೆ: ತೀರ್ಥಹಳ್ಳಿ ತಾಲ್ಲೂಕಿನ ಒಂದು ಅಡಿಕೆ ಬೆಳೆಗಾರರ ಸಹಕಾರ ಸಂಘದಲ್ಲಿ ಗುಮಾಸ್ತನಾಗಿದ್ದೇನೆ. ಸಂಘದ ವೆಬ್‌ಸೈಟ್ ಮತ್ತು ವಾಟ್ಸ್‌ಆ್ಯಪ್ ಗುಂಪು ನೋಡಿಕೊಳ್ಳುವುದು ನನ್ನ ಕೆಲಸ. ನಮ್ಮ ಹಿರಿಯ ಸದಸ್ಯರೊಬ್ಬರಿಗೆ ಗ್ಲಾಕೋಮಾದಿಂದ ಎರಡೂ ಕಣ್ಣು ಹೋಗಿವೆ. ಮಾತನಾಡುವ ಫೋನು ಇಟ್ಟುಕೊಂಡು ಎಲ್ಲವನ್ನೂ ತಾವೇ ನಿಭಾಯಿಸುತ್ತಾರೆ. ಆದರೆ ನಾವು ಹಾಕುವ ದಿನದ ಧಾರಣೆಯಾಗಲಿ, ಸಭೆಯ ನೋಟಿಸಾಗಲಿ ಅವರ ಫೋನು ಓದಿ ಹೇಳುವುದಿಲ್ಲವಂತೆ. ವೆಬ್‌ಸೈಟ್ ಮಾಡಿಕೊಟ್ಟವರನ್ನು ಕೇಳಿದರೆ ಪೂರ್ತಿ ಹೊಸದಾಗಿ ಕಟ್ಟಬೇಕು ಎಂದು ದೊಡ್ಡ ಮೊತ್ತ ಹೇಳಿದರು. ಇನ್ನೊಬ್ಬರು, ವರ್ಷಕ್ಕೆ ಇಷ್ಟು ಎಂದು ಕೊಟ್ಟರೆ ಪುಟದ ಮೂಲೆಯಲ್ಲಿ ಒಂದು ಬಟನ್ ಕೂರಿಸುತ್ತೇವೆ, ಎಲ್ಲ ಸರಿಹೋಗುತ್ತದೆ ಎಂದರು. ನನಗೆ ಪ್ರೋಗ್ರಾಮಿಂಗ್ ಬಾರದು. ಎಲ್ಲಿಂದ ಶುರು ಮಾಡಲಿ? ಇದೆಲ್ಲ ಕಾನೂನಿನಲ್ಲಿ ಕಡ್ಡಾಯವೇ?

ಉತ್ತರ: ನಾಳೆಯ ಧಾರಣೆಯಿಂದಲೇ ಶುರು ಮಾಡಿ. ಅದಕ್ಕೆ ಹಣ ಬೇಡ, ಪ್ರೋಗ್ರಾಮಿಂಗ್ ಬೇಡ, ಆಡಳಿತ ಮಂಡಳಿಯ ಠರಾವೂ ಬೇಡ. ನೀವು ಈಗ ಏನು ಮಾಡುತ್ತಿದ್ದೀರಿ ಎಂಬುದು ನನಗೆ ಗೊತ್ತು, ಏಕೆಂದರೆ ನಾನು ನೋಡಿರುವ ಎಷ್ಟೋ ಗುಂಪುಗಳಲ್ಲಿ ನಡೆಯುವುದು ಅದೇ. ಬಣ್ಣದ ಚೌಕಟ್ಟು, ಮೇಲೆ ಸಂಘದ ಲಾಂಛನ, ಕೆಳಗೆ ಸರಕು, ಬೆಟ್ಟೆ, ರಾಶಿ, ಗೊರಬಲು ಎಂದು ಅಡಿಕೆಯ ಬಗೆಗಳ ಸಾಲುಗಳು, ಪಕ್ಕದಲ್ಲಿ ಕನಿಷ್ಠ ಮತ್ತು ಗರಿಷ್ಠ ದರ. ಎಲ್ಲ ಸೇರಿ ಒಂದು ಚಿತ್ರ. ಕಣ್ಣಿದ್ದವರಿಗೆ ಅದು ಧಾರಣೆಯ ಪಟ್ಟಿ. ನಿಮ್ಮ ಸದಸ್ಯರ ಫೋನಿಗೆ ಅದು ಬರೀ ‘ಫೋಟೊ’. ಆ ಒಂದು ಶಬ್ದ ಹೇಳಿ ಅದು ಮುಂದಿನ ಸಂದೇಶಕ್ಕೆ ಹೋಗುತ್ತದೆ.

ಇದು ಫೋನಿನ ದೋಷವಲ್ಲ. ಅವರು ಬಳಸುತ್ತಿರುವುದು ಆಂಡ್ರಾಯ್ಡ್ ಫೋನಿನಲ್ಲಿ ಪರದೆಯನ್ನು ಓದಿ ಹೇಳುವ ಟಾಕ್‌ಬ್ಯಾಕ್ ಇರಬೇಕು. ಕಂಪ್ಯೂಟರಿನಲ್ಲಿ ಇದೇ ಕೆಲಸಕ್ಕೆ ಎನ್‌ವಿಡಿಎ ಎಂಬ ಉಚಿತ ತಂತ್ರಾಂಶವಿದೆ. ಆಸ್ಟ್ರೇಲಿಯಾದ ಮೈಕೆಲ್ ಕರ್ರನ್ 2006ರಲ್ಲಿ ಅದನ್ನು ಆರಂಭಿಸಿದರು, ಜೇಮ್ಸ್ ಟೆಹ್ ಜೊತೆಗೂಡಿ ಬೆಳೆಸಿದರು. ಇಬ್ಬರೂ ಅಂಧರು. ಇಂಥ ತಂತ್ರಾಂಶಗಳನ್ನು ಸ್ಕ್ರೀನ್ ರೀಡರ್ ಎನ್ನುತ್ತಾರೆ. ಹೆಸರು ಕೇಳಿದರೆ ಪರದೆಯನ್ನು ನೋಡಿ ಓದುತ್ತವೆ ಎನಿಸುತ್ತದೆ. ಆದರೆ ಅವು ಮುಖ್ಯವಾಗಿ ಓದುವುದು ಪರದೆಯ ಹಿಂದೆ ಕೂತಿರುವ ಅಕ್ಷರಗಳ ಸಂಖ್ಯೆಗಳನ್ನು. ಭಾಷೆಗಳ ಅಕ್ಷರಗಳಿಗೆ ಸಂಖ್ಯೆ ಕೊಡುವ ಯೂನಿಕೋಡ್ ಎಂಬ ಪದ್ಧತಿಯಲ್ಲಿ ಕನ್ನಡದ ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆಯಿದೆ. ‘ಕ’ ಎಂದರೆ 3221. ಆ ಸಂಖ್ಯೆ ಸಿಕ್ಕಿದರೆ ಫೋನು ‘ಕ’ ಎಂದು ಉಚ್ಚರಿಸುತ್ತದೆ. ಚಿತ್ರದೊಳಗಿನ ‘ಕ’ಕ್ಕೆ ಸಂಖ್ಯೆಯಿಲ್ಲ, ಅದು ಬಣ್ಣದ ಚುಕ್ಕಿಗಳ ಗುಂಪು ಅಷ್ಟೇ. ಕನ್ನಡದ ಮಟ್ಟಿಗೆ ಈ ಇಡೀ ವಿಷಯದಲ್ಲಿ ಮೊದಲು ತಿಳಿಯಬೇಕಾದ್ದು ಇದೇ: ಅಕ್ಷರ ಅಕ್ಷರವಾಗಿಯೇ ಉಳಿಯಬೇಕು. ಮಿಕ್ಕ ನಿಯಮಗಳೆಲ್ಲ ಇದರ ನಂತರದವು.

ಹಾಗಾಗಿ ಧಾರಣೆಯನ್ನು ಟೈಪ್ ಮಾಡಿ ಕಳಿಸಿ. ಚಿತ್ರ ನಿಲ್ಲಿಸಬೇಕಾಗಿಲ್ಲ, ಇಷ್ಟಪಡುವವರು ಇದ್ದಾರೆ. ಅದರ ಕೆಳಗೇ ಅದೇ ವಿವರವನ್ನು ಅಕ್ಷರದಲ್ಲಿ ಬರೆಯಿರಿ. ಬರೆಯುವಾಗ ಒಂದು ಸಾಲಿಗೆ ಒಂದು ಬಗೆಯ ಅಡಿಕೆ ಇರಲಿ. ಮೊದಲು ‘ರಾಶಿ’, ಆಮೇಲೆ ‘ಕನಿಷ್ಠ’ ಎಂದು ಒಂದು ಅಂಕಿ, ‘ಗರಿಷ್ಠ’ ಎಂದು ಇನ್ನೊಂದು ಅಂಕಿ. ಸಾಲು ಕೂಡಿಸಲು ನಡುವೆ ಹತ್ತು ಚುಕ್ಕಿ, ಹತ್ತು ಅಡ್ಡಗೆರೆ ಹಾಕುವ ಅಭ್ಯಾಸವಿದ್ದರೆ ಬಿಟ್ಟುಬಿಡಿ. ಕೆಲವು ಫೋನುಗಳು ‘ಚುಕ್ಕಿ ಚುಕ್ಕಿ ಚುಕ್ಕಿ’ ಎಂದು ಎಲ್ಲವನ್ನೂ ಓದುತ್ತವೆ, ದರ ಬರುವಷ್ಟರಲ್ಲಿ ಕೇಳುವವರ ತಾಳ್ಮೆ ಮುಗಿದಿರುತ್ತದೆ. ‘ಕ್ವಿಂ.’ ಎಂದು ಮೊಟಕು ಮಾಡದೆ ‘ಕ್ವಿಂಟಲ್’ ಎಂದೇ ಬರೆಯಿರಿ. ದಿನಾಂಕದಲ್ಲೂ ಅಷ್ಟೆ: 5-6 ಎಂದರೆ ಕೇಳುವ ಕಿವಿಗೆ ಅದು ಐದರಿಂದ ಆರೋ, ಜೂನ್ ಐದೋ ತಿಳಿಯದು. ‘ಜೂನ್ 5’ ಎಂದು ಬರೆದರೆ ತೀರಿತು.

ಧ್ವನಿ ಸಂದೇಶ ಕಳಿಸಿದರೆ ಸಾಲದೇ ಎಂದು ಕೇಳಬಹುದು. ಅಂಧರಿಗೆ ಸಾಕು, ಆದರೆ ಕಿವಿ ಕೇಳದ ಸದಸ್ಯರಿಗೆ ಅದು ಮುಚ್ಚಿದ ಬಾಗಿಲು. ಹೋದ ಸೋಮವಾರ ಬೆಟ್ಟೆ ಎಷ್ಟಿತ್ತು ಎಂದು ಹುಡುಕಲೂ ಬರುವುದಿಲ್ಲ. ಅಕ್ಷರವಾದರೆ ಕಣ್ಣಿಗೂ ಸಲ್ಲುತ್ತದೆ, ಕಿವಿಗೂ ಸಲ್ಲುತ್ತದೆ, ಬ್ರೈಲ್ ಯಂತ್ರವಿದ್ದವರ ಬೆರಳಿಗೂ ಸಲ್ಲುತ್ತದೆ. ಇನ್ನೊಂದು ಲಾಭವನ್ನು ನೀವು ಮಳೆಗಾಲದಲ್ಲಿ ಕಾಣುತ್ತೀರಿ: ಸಿಗ್ನಲ್ ಒಂದು ಗೆರೆಗೆ ಇಳಿದಾಗ ಫೋಟೊ ತಿರುಗುತ್ತಲೇ ಇರುತ್ತದೆ, ನಾಲ್ಕು ಸಾಲಿನ ಅಕ್ಷರ ಆಗುಂಬೆಯ ಆಚೆಗೂ ತಲುಪಿರುತ್ತದೆ.

‘ಈಗ ಎಐ ಬಂದಿದೆ, ಚಿತ್ರದೊಳಗಿನ ಅಕ್ಷರವನ್ನೂ ಫೋನು ಓದುತ್ತದಲ್ಲ’ ಎಂದು ನಿಮ್ಮ ಆಡಳಿತ ಮಂಡಳಿಯಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ. ಓದುತ್ತದೆ, ನಿಜ. ನಾನು ಕಲಿಸುವ ಅಂಧ ವಿದ್ಯಾರ್ಥಿಗಳು ದಿನವೂ ಬಳಸುತ್ತಾರೆ. ಅಂಗಡಿಯ ಬೋರ್ಡು, ಔಷಧಿ ಡಬ್ಬಿಯ ಹೆಸರು ತಿಳಿಯಲು ಅದು ದೊಡ್ಡ ಆಸರೆ. ಆದರೆ ಪಟ್ಟಿಯ ಚಿತ್ರ ಕೊಟ್ಟು ನೋಡಿ. ಮೊದಲು ಎಡಗಡೆಯ ಹೆಸರುಗಳನ್ನೆಲ್ಲ ಓದಿ, ಆಮೇಲೆ ಅಂಕಿಗಳನ್ನೆಲ್ಲ ಒಟ್ಟಿಗೆ ಓದಿಬಿಡುವುದುಂಟು. ಯಾವ ದರ ಯಾವುದಕ್ಕೆ ಎಂಬುದು ಕೇಳುವವರ ಊಹೆಗೆ ಬಿಟ್ಟದ್ದು. 3 ಎಂಬುದನ್ನು 8 ಎಂದು ಓದಿದರಂತೂ ಕ್ವಿಂಟಲಿನ ಲೆಕ್ಕದಲ್ಲಿ ಎಷ್ಟು ವ್ಯತ್ಯಾಸ ಬೀಳುತ್ತದೆ ಎಂಬುದನ್ನು ನಿಮಗೆ ನಾನು ಹೇಳಬೇಕಾಗಿಲ್ಲ. ಮಾಲು ಮಂಡಿಗೆ ಇಂದೇ ಕಳಿಸುವುದೋ ಇನ್ನೆರಡು ವಾರ ತಡೆಯುವುದೋ ಎಂದು ತೀರ್ಮಾನಿಸುವ ಮನುಷ್ಯನಿಗೆ ಊಹೆಯ ಅಂಕಿ ಕೊಡಬಾರದು.

ಇನ್ನು ಸಭೆಯ ನೋಟಿಸು. ಇಲ್ಲಿ ಕನ್ನಡಕ್ಕೇ ಅಂಟಿದ ಒಂದು ಹಳೆಯ ತೊಡಕಿದೆ, ಸ್ವಲ್ಪ ವಿವರವಾಗಿ ಹೇಳುತ್ತೇನೆ. ಸಂಘದ ಕಚೇರಿಗಳಲ್ಲಿ ‘ನುಡಿ’ ಎಂಬ ಕನ್ನಡ ತಂತ್ರಾಂಶದ ಹಳೆಯ ಫಾಂಟುಗಳಲ್ಲಿ ಟೈಪ್ ಮಾಡಿದ ಕಡತಗಳು ಈಗಲೂ ರಾಶಿ ಬಿದ್ದಿವೆ. ಯೂನಿಕೋಡ್ ಬಳಕೆಗೆ ಬರುವ ಮುನ್ನ ಕಂಪ್ಯೂಟರಿನಲ್ಲಿ ಕನ್ನಡ ಮೂಡಿಸಲು ಇದ್ದ ದಾರಿ ಅದೇ ಆಗಿತ್ತು, ಆ ಕೆಲಸ ಮಾಡಿದವರ ಉಪಕಾರ ದೊಡ್ಡದು. ಆದರೆ ಅವರು ಅನಿವಾರ್ಯವಾಗಿ ಒಂದು ಉಪಾಯ ಹೂಡಿದ್ದರು: ಇಂಗ್ಲಿಷ್ ಮತ್ತು ಯುರೋಪಿನ ಭಾಷೆಗಳ ಅಕ್ಷರಗಳಿಗೆ ಮೀಸಲಾದ ಜಾಗದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿದ್ದರು. ಪರದೆಯ ಮೇಲೆ ಕಾಣುವುದು ‘ಕನ್ನಡ’. ಕಡತದೊಳಗೆ ಇರುವುದು ಬೇರೆಯೇ: ಇಂಗ್ಲಿಷಿನ ಪಿ, ತಲೆಯ ಮೇಲೆ ಓರೆಗೆರೆ ಹೊತ್ತ ಒಂದು ಎ, ಬ್ರಿಟನ್ನಿನ ಹಣದ ಪೌಂಡ್ ಚಿಹ್ನೆ, ಮತ್ತೆ ಆ ಓರೆಗೆರೆಯ ಎ, ಜರ್ಮನ್ ಭಾಷೆಯ ಒಂದು ಅಕ್ಷರ, ಕ್ಯೂ, ಮತ್ತೊಮ್ಮೆ ಓರೆಗೆರೆಯ ಎ. ಫೋನು ಓದುವುದು ಕಡತದಲ್ಲಿ ಇರುವುದನ್ನು. ‘ಪಿ, ಎ, ಪೌಂಡ್’ ಎಂದು ಅದು ಹೇಳತೊಡಗಿದಾಗ ನಿಮ್ಮ ಸದಸ್ಯರು ತಮ್ಮ ಫೋನೇ ಕೆಟ್ಟಿದೆ ಎಂದುಕೊಂಡಿರಬಹುದು. ನನ್ನ ಬಳಿ ಕಲಿಯಲು ಬಂದ ಎಷ್ಟೋ ಹುಡುಗರು ಹಾಗೆಂದುಕೊಂಡೇ ವರ್ಷಗಟ್ಟಲೆ ಕನ್ನಡದ ಕಡತಗಳನ್ನು ಮುಟ್ಟದೆ ಬಿಟ್ಟಿದ್ದರು. ತಮ್ಮ ಭಾಷೆಯನ್ನು ಫೋನು ಓದಲಾರದು ಎಂದು ಅವರು ನಂಬಿದ್ದರು. ಯೂನಿಕೋಡ್‌ನಲ್ಲಿದ್ದ ಒಂದು ಪುಟವನ್ನು ತೆರೆದು ಕೇಳಿಸಿದಾಗ ಅವರ ಮುಖದಲ್ಲಿ ಮೂಡಿದ್ದನ್ನು ನಾನು ಮರೆಯಲಾರೆ.

ಗುರುತಿಸುವ ಉಪಾಯ ಸುಲಭ. ಕಡತದಿಂದ ಒಂದು ಸಾಲನ್ನು ಕಾಪಿ ಮಾಡಿ ವಾಟ್ಸ್‌ಆ್ಯಪ್‌ನಲ್ಲಿ ಅಂಟಿಸಿ. ಕನ್ನಡವೇ ಬಂದರೆ ಅದು ಯೂನಿಕೋಡ್. ಇಂಗ್ಲಿಷಿನ ಕಲಸುಮೇಲೋಗರ ಬಂದರೆ ಹಳೆಯ ಫಾಂಟು. ಹಳೆಯದನ್ನು ಯೂನಿಕೋಡ್‌ಗೆ ತಿರುಗಿಸುವ ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ. ತಿರುಗಿಸಿದ ಮೇಲೆ ಒಮ್ಮೆ ಓದಿ. ಅರ್ಕಾವತ್ತು ಮತ್ತು ಒತ್ತಕ್ಷರಗಳ ಬಳಿ ತಪ್ಪು ನುಸುಳುವ ಸಂಭವ ಹೆಚ್ಚು. ಹಳೆಯದನ್ನೆಲ್ಲ ಒಮ್ಮೆಗೇ ತಿರುಗಿಸಲು ಹೊರಡಬೇಡಿ. ಇನ್ನು ಮುಂದೆ ಟೈಪ್ ಮಾಡುವುದೆಲ್ಲ ಯೂನಿಕೋಡ್‌ನಲ್ಲಿ ಎಂದು ನಿಶ್ಚಯಿಸಿ, ಹಳೆಯದರಲ್ಲಿ ಉಪವಿಧಿ, ಸಾಲದ ಅರ್ಜಿ, ಕಳೆದೆರಡು ವರ್ಷಗಳ ವಾರ್ಷಿಕ ವರದಿ ಇಷ್ಟನ್ನು ಮೊದಲು ಮಾಡಿ.

ನೋಟಿಸನ್ನು ಮುದ್ರಿಸಿ, ಅಧ್ಯಕ್ಷರ ಸಹಿ ಮತ್ತು ಮೊಹರು ಹಾಕಿಸಿ, ಸ್ಕ್ಯಾನ್ ಮಾಡಿ ಪಿಡಿಎಫ್ ಹಾಕುವ ಪದ್ಧತಿಯೂ ನಿಮ್ಮಲ್ಲಿ ಇರಬೇಕು. ಸ್ಕ್ಯಾನ್ ಎಂದರೆ ಮತ್ತೆ ಫೋಟೊವೇ. ಸಹಿಯಿದ್ದ ಪ್ರತಿಯನ್ನು ದಾಖಲೆಗೆ ಹಾಕಿ, ಬೇಡವೆನ್ನುವುದಿಲ್ಲ. ನೋಟಿಸಿನ ಪೂರ್ತಿ ಪಠ್ಯವನ್ನು ವೆಬ್‌ಪುಟದಲ್ಲೇ ಅಂಟಿಸಿ. ನೀವು ಹೇಗೂ ಅದನ್ನು ಟೈಪ್ ಮಾಡಿಯೇ ಮುದ್ರಿಸಿದ್ದೀರಿ, ಆ ಕಡತ ನಿಮ್ಮ ಕಂಪ್ಯೂಟರಿನಲ್ಲೇ ಇದೆ. ಮೂಲ ಕಡತ ಕಳೆದುಹೋದ ಹಳೆಯ ಸ್ಕ್ಯಾನುಗಳಿದ್ದರೆ ಗೂಗಲ್ ಡ್ರೈವ್‌ಗೆ ಹಾಕಿ ಗೂಗಲ್ ಡಾಕ್ಸ್‌ನಲ್ಲಿ ತೆರೆಯಿರಿ. ಕನ್ನಡದ ಅಕ್ಷರಗಳನ್ನು ಅದು ತಕ್ಕಮಟ್ಟಿಗೆ ಗುರುತಿಸಿ ಕೊಡುತ್ತದೆ. ಅಂಕಿಗಳನ್ನು ಮಾತ್ರ ಮೂಲದೊಂದಿಗೆ ಹೋಲಿಸಿಯೇ ಮುಂದೆ ಹೋಗಿ.

ಈಗ ವೆಬ್‌ಸೈಟ್. ಅದನ್ನು ತಿದ್ದುವ ಮುನ್ನ ನೀವು ಒಂದು ಕೆಲಸ ಮಾಡಬೇಕೆಂದು ಕೇಳಿಕೊಳ್ಳುತ್ತೇನೆ. ನಿಮ್ಮದೇ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಆ್ಯಕ್ಸೆಸಿಬಿಲಿಟಿ ಎಂಬಲ್ಲಿಗೆ ಹೋಗಿ ಟಾಕ್‌ಬ್ಯಾಕ್ ಹಚ್ಚಿ. ಹಚ್ಚಿದ ಕೂಡಲೇ ಫೋನಿನ ನಡತೆ ಬದಲಾಗುತ್ತದೆ, ಗಾಬರಿಯಾಗಬೇಡಿ: ಒಮ್ಮೆ ತಟ್ಟಿದರೆ ಬೆರಳ ಕೆಳಗೆ ಏನಿದೆ ಎಂದು ಹೇಳುತ್ತದೆ, ಎರಡು ಸಲ ತಟ್ಟಿದರೆ ಅದನ್ನು ತೆರೆಯುತ್ತದೆ, ಬಲಕ್ಕೆ ಸವರಿದರೆ ಮುಂದಿನದಕ್ಕೆ ಹೋಗುತ್ತದೆ. ನಿಲ್ಲಿಸಲು ಅದೇ ಸೆಟ್ಟಿಂಗ್ಸ್‌ಗೆ ಹಿಂತಿರುಗಬಹುದು. ಈಗ ಸಂಘದ ಸೈಟು ತೆರೆದು, ಕಣ್ಣು ಮುಚ್ಚಿ, ‘ನನ್ನ ಸಾಲದ ಬಾಕಿ ಎಷ್ಟು’ ಎಂಬುದನ್ನು ಪತ್ತೆ ಮಾಡಲು ನೋಡಿ. ಹತ್ತು ನಿಮಿಷ ಸಾಕು. ಆ ಹತ್ತು ನಿಮಿಷದಲ್ಲಿ ಕಲಿಯುವುದನ್ನು ನನ್ನ ಈ ಉತ್ತರದಿಂದ ಕಲಿಯಲಾಗದು.

ನಿಮಗೆ ಎದುರಾಗುವುದು ಹೆಚ್ಚು ಕಡಿಮೆ ಇವು. ‘ಬಟನ್, ಬಟನ್, ಹೆಸರಿಲ್ಲದ ಬಟನ್’ ಎಂದು ಕೇಳಿಸುತ್ತದೆ; ಮೂರು ಗೆರೆಯ ಗುರುತು, ಭೂತಗನ್ನಡಿಯ ಗುರುತು ಹಾಕಿದವರು ಅವುಗಳಿಗೆ ಹೆಸರಿಟ್ಟಿರುವುದಿಲ್ಲ. ‘ಇಲ್ಲಿ ಕ್ಲಿಕ್ ಮಾಡಿ, ಇಲ್ಲಿ ಕ್ಲಿಕ್ ಮಾಡಿ’ ಎಂದು ಆರು ಸಲ ಕೇಳಿಸುತ್ತದೆ. ಯಾವ ‘ಇಲ್ಲಿ’ ಏನನ್ನು ತೆರೆಯುತ್ತದೆ ಎಂಬುದು ಕಿವಿಗೆ ತಿಳಿಯದು. ‘ಸಾಲದ ಅರ್ಜಿ ನಮೂನೆ’ ಎಂದು ಕೊಂಡಿಗೇ ಹೆಸರು ಕೊಡಿ. ಅರ್ಜಿಯಲ್ಲಿ ಬರೆಯುವ ಜಾಗ ಬಂದಾಗ ಫೋನು ‘ಬರೆಯುವ ಪೆಟ್ಟಿಗೆ’ ಎನ್ನುತ್ತದೆಯೇ ಹೊರತು ಹೆಸರು ಬರೆಯಬೇಕೋ ಖಾತೆ ಸಂಖ್ಯೆಯೋ ಎಂದು ಹೇಳುವುದಿಲ್ಲ, ಏಕೆಂದರೆ ‘ಖಾತೆ ಸಂಖ್ಯೆ’ ಎಂಬ ಪದ ಪರದೆಯ ಮೇಲೆ ಪಕ್ಕದಲ್ಲಿದ್ದರೂ ಪೆಟ್ಟಿಗೆಗೂ ಅದಕ್ಕೂ ಒಳಗಿನಿಂದ ನಂಟು ಹಾಕಿರುವುದಿಲ್ಲ. ಇವು ಮೂರೂ ಸೈಟು ಕಟ್ಟಿದವರಿಗೆ ಸಣ್ಣ ಕೆಲಸಗಳು. ಹೊಸದಾಗಿ ಕಟ್ಟುವ ಮಾತು ಇಲ್ಲಿ ಬರುವುದೇ ಇಲ್ಲ.

ಇನ್ನೊಂದು ಸಣ್ಣ ಕೆಲಸ ಬಹಳ ದೊಡ್ಡ ಫಲ ಕೊಡುತ್ತದೆ. ವೆಬ್‌ಪುಟದ ಒಳಬರಹದ ಆರಂಭದಲ್ಲೇ ಇದು ಯಾವ ಭಾಷೆಯ ಪುಟ ಎಂಬ ಸೂಚನೆ ಇರಬೇಕು. ಕನ್ನಡ ಪುಟಗಳಲ್ಲೂ ಅದನ್ನು ಇಂಗ್ಲಿಷ್ ಎಂದೇ ಬಿಟ್ಟಿರುವುದನ್ನು ನಾನು ಮೇಲಿಂದ ಮೇಲೆ ನೋಡಿದ್ದೇನೆ. ಆಗ ಸ್ಕ್ರೀನ್ ರೀಡರ್ ಇಂಗ್ಲಿಷ್ ದನಿಯನ್ನು ಕರೆಯುತ್ತದೆ, ಆ ದನಿಗೆ ಕನ್ನಡ ಬಾರದಿದ್ದರೆ ಪುಟ ಮೂಕವಾಗುತ್ತದೆ. ಸೂಚನೆಯನ್ನು ಕನ್ನಡದ ಸಂಕೇತವಾದ ‘kn’ ಎಂದು ಬದಲಿಸುವುದು ಎರಡು ಅಕ್ಷರದ ತಿದ್ದುಪಡಿ.

ಧಾರಣೆಯನ್ನು ವೆಬ್‌ಸೈಟಿನಲ್ಲಿ ಹಾಕುವಾಗ ನಿಜವಾದ ಕೋಷ್ಟಕವಾಗಿ ಹಾಕಿಸಿ, ಮೇಲಿನ ಸಾಲು ಮತ್ತು ಎಡಗಡೆಯ ಕಾಲಮ್ಮು ಶೀರ್ಷಿಕೆಗಳು ಎಂದು ಗುರುತು ಮಾಡಿಸಿ. ಹಾಗೆ ಮಾಡಿದರೆ ಎನ್‌ವಿಡಿಎ ಬಳಸುವವರು ಕಂಟ್ರೋಲ್, ಆಲ್ಟ್ ಮತ್ತು ಬಾಣದ ಕೀಲಿಗಳನ್ನು ಒತ್ತಿ ಕೋಷ್ಟಕದ ಮನೆಯಿಂದ ಮನೆಗೆ ನಡೆಯಬಹುದು. ‘ಗೊರಬಲು, ಗರಿಷ್ಠ’ ಎಂದು ಹೇಳಿಯೇ ಅಂಕಿ ಹೇಳುತ್ತದೆ. ಪುಟದ ಶೀರ್ಷಿಕೆಗಳೂ ಹಾಗೆಯೇ. ಅಕ್ಷರವನ್ನು ದಪ್ಪ ಮಾಡಿದರೆ ಶೀರ್ಷಿಕೆಯಾಗುವುದಿಲ್ಲ, ಅದು ಶೀರ್ಷಿಕೆ ಎಂದು ಒಳಗೆ ನಮೂದಾಗಬೇಕು. ಆಗ ಎಚ್ ಕೀಲಿಯೊಂದನ್ನು ಒತ್ತುತ್ತಾ ಓದುಗರು ಪುಟದ ತಲೆಬರಹಗಳ ಮೇಲೆ ದಾಟಿಕೊಂಡು ಬೇಕಾದಲ್ಲಿಗೆ ಹೋಗುತ್ತಾರೆ. ನೀವು ಕಣ್ಣಾಡಿಸುವುದು ಎನ್ನುತ್ತೀರಲ್ಲ, ಅಂಧರು ಅದನ್ನು ಮಾಡುವ ಬಗೆ ಇದು.

ಚಿತ್ರಗಳಿಗೆ ವಿವರಣೆ ಬರೆಯಬೇಕು ಎಂದು ಎಲ್ಲರೂ ಹೇಳುತ್ತಾರೆ. ಎಲ್ಲ ಚಿತ್ರಕ್ಕೂ ಬೇಕಿಲ್ಲ. ನಿಮ್ಮ ಪುಟದ ಅಂಚಿನಲ್ಲಿ ಹಸೆ ಚಿತ್ತಾರದ ಎಳೆಗಳನ್ನು ಅಲಂಕಾರಕ್ಕೆ ಹಾಕಿದ್ದರೆ ಅದರ ವಿವರಣೆಯ ಜಾಗವನ್ನು ಖಾಲಿ ಬಿಡಿ, ಸ್ಕ್ರೀನ್ ರೀಡರ್ ಅದನ್ನು ದಾಟಿ ಹೋಗುತ್ತದೆ. ಎಲೆಚುಕ್ಕೆ ರೋಗದ ಫೋಟೊ ಹಾಕಿದ್ದರೆ ಮಾತ್ರ ‘ಅಡಿಕೆ ಗರಿಯ ಮೇಲೆ ಹಳದಿ ಅಂಚಿನ ಕಂದು ಚುಕ್ಕೆಗಳು’ ಎಂದು ಬರೆಯಿರಿ. ಬೋರ್ಡೋ ದ್ರಾವಣದ ಪೋಸ್ಟರ್ ಇದ್ದರೆ ಶೇಕಡಾ 1ರ ದ್ರಾವಣಕ್ಕೆ 1 ಕಿಲೊ ಮೈಲುತುತ್ತ, 1 ಕಿಲೊ ಸುಣ್ಣ, 100 ಲೀಟರ್ ನೀರು ಎಂಬ ಅಳತೆ ಮತ್ತು ಬೆರೆಸುವ ಕ್ರಮ ಪೂರ್ತಿಯಾಗಿ ಕೆಳಗೆ ಅಕ್ಷರದಲ್ಲಿ ಇರಬೇಕು. ಕಣ್ಣು ಹೋದವರು ತೋಟ ಬಿಟ್ಟಿರುವುದಿಲ್ಲ. ಔಷಧಿ ಹೊಡೆಯುವವರಿಗೆ ಹೀಗೆ ಮಾಡು ಎಂದು ಹೇಳುವವರು ಅವರೇ.

ನಿಮ್ಮ ಪ್ರಶ್ನೆ ಒಬ್ಬ ಸದಸ್ಯರ ಬಗ್ಗೆ ಇದೆ. ಉಳಿದವರನ್ನೂ ನೆನಪಿಸಿಕೊಳ್ಳಿ. ಮಲೆನಾಡಿನಲ್ಲಿ ಅಡಿಕೆ ಗೊನೆ ತೆಗೆಯುವಾಗ ಮರದಿಂದ ಬಿದ್ದು ಬೆನ್ನುಹುರಿಗೆ ಪೆಟ್ಟು ಮಾಡಿಕೊಂಡವರು ಎಷ್ಟು ಊರುಗಳಲ್ಲಿಲ್ಲ? ಅವರಲ್ಲಿ ಒಬ್ಬರು ನನಗೆ ಗೊತ್ತು. ಕತ್ತಿನ ಹತ್ತಿರ ಪೆಟ್ಟಾದ್ದರಿಂದ ಬೆರಳುಗಳು ಮಡಚಿಕೊಂಡಿವೆ. ಫೋನನ್ನು ತೊಡೆಯ ಮೇಲಿಟ್ಟು ಕಿರುಬೆರಳಿನ ಗೆಣ್ಣಿನಿಂದ ಒತ್ತುತ್ತಾರೆ. ಒಂದರ ಪಕ್ಕ ಒಂದು ಅಂಟಿಕೊಂಡ ಪುಟ್ಟ ಬಟನ್ನುಗಳಲ್ಲಿ ‘ಸಲ್ಲಿಸು’ ಒತ್ತಲು ಹೋಗಿ ‘ರದ್ದು’ ಒತ್ತಿಬಿಟ್ಟರೆ ಅರ್ಧ ಗಂಟೆಯ ಶ್ರಮ ನೀರುಪಾಲು. ವೆಬ್‌ನ ನಿಯಮಗಳನ್ನು ರೂಪಿಸುವ ಡಬ್ಲ್ಯು3ಸಿ ಸಂಸ್ಥೆ 2023ರ ಅಕ್ಟೋಬರಿನಲ್ಲಿ ಹೊರತಂದ ಡಬ್ಲ್ಯುಸಿಎಜಿ 2.2 ಎಂಬ ಮಾರ್ಗಸೂಚಿಯಲ್ಲಿ ಬಟನ್ನಿನಂಥವು ಕನಿಷ್ಠ 24 ಪಿಕ್ಸೆಲ್ ಉದ್ದ, 24 ಪಿಕ್ಸೆಲ್ ಅಗಲ ಇರಬೇಕು, ಇಲ್ಲವೇ ಸುತ್ತ ಅಷ್ಟು ತೆರಪು ಇರಬೇಕು ಎಂದಿದೆ. ನನ್ನ ಮಾತು ಕೇಳುವುದಾದರೆ ಅದರ ಎರಡರಷ್ಟು ಇಡಿಸಿ.

ಅದೇ ಮಾರ್ಗಸೂಚಿಯಲ್ಲಿ ಅಕ್ಷರ ಮತ್ತು ಹಿನ್ನೆಲೆಯ ಬಣ್ಣಗಳ ನಡುವೆ ಎಷ್ಟು ಅಂತರವಿರಬೇಕು ಎಂಬ ಲೆಕ್ಕವಿದೆ. ಸಾಮಾನ್ಯ ಗಾತ್ರದ ಅಕ್ಷರಕ್ಕೆ 4.5ಕ್ಕೆ 1, ದೊಡ್ಡ ಅಕ್ಷರಕ್ಕೆ 3ಕ್ಕೆ 1. ಬಿಳಿಯ ಮೇಲೆ ಅಚ್ಚ ಕಪ್ಪು 21 ಬರುತ್ತದೆ. ಈಗಿನ ವಿನ್ಯಾಸಕಾರರಿಗೆ ತಿಳಿಬೂದು ಬಣ್ಣದ ಮೇಲೆ ಮೋಹ. ಬಿಳಿಯ ಮೇಲೆ #777777 ಎಂಬ ಸಂಕೇತದ ಬೂದು 4.48ಕ್ಕೆ ನಿಂತು ನಪಾಸಾಗುತ್ತದೆ, #767676 ಎಂಬುದು 4.54 ಬಂದು ದಾಟುತ್ತದೆ. ಇಷ್ಟು ಕೂದಲೆಳೆಯ ಲೆಕ್ಕಕ್ಕೆ ಇಳಿಯದೆ ಅಕ್ಷರ ಕಪ್ಪಾಗಿರಲಿ ಎಂದು ಹೇಳಿಬಿಡಿ. ಪೊರೆ ಬಂದ ಕಣ್ಣಿಗೂ, ಅಂಗಳದ ಬಿಸಿಲಿನಲ್ಲಿ ಅಡಿಕೆ ಹರವುತ್ತಾ ಫೋನು ನೋಡುವವರಿಗೂ ಅದೇ ಬೇಕು. ದರ ಏರಿದ್ದಕ್ಕೆ ಹಸಿರು, ಇಳಿದದ್ದಕ್ಕೆ ಕೆಂಪು ಹಾಕುತ್ತಿದ್ದರೆ ಜೊತೆಗೆ ‘ಏರಿಕೆ’, ‘ಇಳಿಕೆ’ ಎಂದೂ ಬರೆಯಿರಿ. ಕೆಂಪು ಮತ್ತು ಹಸಿರಿನ ವ್ಯತ್ಯಾಸ ಕಾಣದ ಗಂಡಸರು ಪ್ರತಿ ಊರಿನಲ್ಲೂ ಇರುತ್ತಾರೆ, ಎಷ್ಟೋ ಸಲ ಅವರಿಗೇ ಅದು ತಿಳಿದಿರುವುದಿಲ್ಲ.

ಅಕ್ಷರವನ್ನು ದೊಡ್ಡದು ಮಾಡಿ ಓದುವವರ ಕಷ್ಟವನ್ನು ಇಂಗ್ಲಿಷ್ ಮನಸ್ಸಿನಲ್ಲಿಟ್ಟುಕೊಂಡು ವಿನ್ಯಾಸ ಮಾಡಿದವರು ಅರಿಯರು. ನಮ್ಮ ಲಿಪಿಗೆ ಕೆಳಗೂ ಜಾಗ ಬೇಕು. ಬಟನ್ನಿನ ಎತ್ತರವನ್ನು ಕಟ್ಟುನಿಟ್ಟು ಮಾಡಿಟ್ಟರೆ ಒತ್ತಕ್ಷರ ಅರ್ಧಕ್ಕೆ ಕತ್ತರಿಸಿಹೋಗುತ್ತದೆ. ‘ಅಕ್ಕಿ’ ಎಂಬುದು ‘ಅಕಿ’ ಆಗುತ್ತದೆ. ಸಾಲುಗಳ ನಡುವೆ ಅಕ್ಷರದ ಒಂದೂವರೆಯಷ್ಟು ತೆರಪು ಇರಿಸಿ, ಫೋನಿನ ಅಕ್ಷರವನ್ನು ಎರಡರಷ್ಟು ದೊಡ್ಡದು ಮಾಡಿ ಒಮ್ಮೆ ನೋಡಿ.

ಕಿವಿ ಕೇಳದವರಿಗಾಗಿ ವಿಡಿಯೊಗಳ ಕೆಳಗೆ ಮಾತನ್ನು ಬರೆದು ತೋರಿಸಬೇಕು. ನಿಮ್ಮ ಕಾರ್ಯಾಗಾರದ ಅರ್ಧ ಗಂಟೆಯ ವಿಡಿಯೊಗೆ ಇದು ಒಂದು ದಿನದ ಕೆಲಸ, ಅದನ್ನು ನಾನು ಮುಚ್ಚಿಡುವುದಿಲ್ಲ. ಮೊದಲು ಚಿಕ್ಕವಕ್ಕೆ ಮಾಡಿ. ಕನ್ನಡವನ್ನು ಯಂತ್ರವೇ ಕೇಳಿ ಬರೆದುಕೊಟ್ಟರೆ ಹಾಗೆಯೇ ಪ್ರಕಟಿಸಬೇಡಿ, ಅದರಲ್ಲೂ ಔಷಧಿಯ ಹೆಸರು ಮತ್ತು ಅಳತೆಗಳನ್ನು.

ಮೂಲೆಯ ಬಟನ್ನಿನ ವಿಷಯಕ್ಕೆ ಬರುತ್ತೇನೆ. ಬೇಡ. ಅದು ಅಕ್ಷರ ದೊಡ್ಡದು ಮಾಡುತ್ತದೆ, ಬಣ್ಣ ಬದಲಿಸುತ್ತದೆ, ತಾನೇ ಓದಿ ಹೇಳುತ್ತೇನೆ ಎನ್ನುತ್ತದೆ. ಅಂಧರ ಫೋನಿನಲ್ಲಿ ಓದಿ ಹೇಳುವುದು ಆಗಲೇ ಇದೆ, ಬೇಕಾಗಿರುವುದು ಓದಲು ಅಕ್ಷರ. ಹೆಸರಿಲ್ಲದ ಪೆಟ್ಟಿಗೆ, ಚಿತ್ರವಾದ ಧಾರಣೆ, ಸ್ಕ್ಯಾನ್ ಆದ ನೋಟಿಸು ಆ ಬಟನ್ ಬಂದ ಮೇಲೂ ಇದ್ದಲ್ಲೇ ಇರುತ್ತವೆ. ಕಾಲುಸಂಕ ಕೊಚ್ಚಿಹೋದ ಹಳ್ಳದ ದಡದಲ್ಲಿ ದೀಪ ಹಚ್ಚಿಟ್ಟರೆ ಯಾರೂ ಆಚೆ ದಾಟುವುದಿಲ್ಲ. ಇಂಥ ಸಾಧನದಿಂದ ಯಾವ ಸೈಟನ್ನಾದರೂ ನಿಯಮಕ್ಕೆ ಒಗ್ಗಿಸಬಹುದು ಎಂದು ಹೇಳಿಕೊಂಡ ಒಂದು ಕಂಪನಿಯ ಮೇಲೆ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2025ರಲ್ಲಿ ಕ್ರಮ ಕೈಗೊಂಡು, ದಾರಿ ತಪ್ಪಿಸುವ ಪ್ರಚಾರಕ್ಕಾಗಿ 10 ಲಕ್ಷ ಡಾಲರ್ ಕಟ್ಟಿಸಿತು. ವರ್ಷವರ್ಷದ ಆ ಹಣವನ್ನು ಸೈಟಿನ ನಿಜವಾದ ತಿದ್ದುಪಡಿಗೆ ಹಾಕಿ.

ಕಾನೂನಿನಲ್ಲಿ ಕಡ್ಡಾಯವೇ ಎಂದು ಕೇಳಿದ್ದೀರಿ. ಹೌದು, ದಿನದಿಂದ ದಿನಕ್ಕೆ ಹೆಚ್ಚು ಬಿಗಿಯಾಗುತ್ತಿದೆ. ವಿಕಲಚೇತನರ ಹಕ್ಕುಗಳ ಕಾಯ್ದೆ 2016ರದು. ಸೇವೆ ಕೊಡುವವರು ಸರ್ಕಾರದವರಿರಲಿ, ಖಾಸಗಿಯವರಿರಲಿ, ಅದರ 46ನೇ ಕಲಂ ಅವರನ್ನು ಹಿಡಿಯುತ್ತದೆ. ಆ ಕಾಯ್ದೆಯ 2017ರ ನಿಯಮಗಳಲ್ಲೇ, ವೆಬ್‌ಸೈಟಿಗೆ ಹಾಕುವ ದಾಖಲೆ ಇಪಬ್ ಎಂಬ ಇ-ಪುಸ್ತಕದ ರೂಪದಲ್ಲಿರಬೇಕು ಅಥವಾ ಅಕ್ಷರ ಗುರುತಿಸಬಲ್ಲ ಪಿಡಿಎಫ್ ಆಗಿರಬೇಕು ಎಂದಿತ್ತು. ಅಂದರೆ ಬರೀ ಸ್ಕ್ಯಾನ್ ಸಲ್ಲದು. 2024ರ ನವೆಂಬರ್ 8ರಂದು ರಾಜೀವ್ ರತೂರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಸುಗಮ್ಯತೆಯ ಮಾನದಂಡಗಳನ್ನು ಬರೀ ಸಲಹೆಯ ರೂಪದಲ್ಲಿ ಇಟ್ಟರೆ ಕಾಯ್ದೆಗೆ ಒಪ್ಪುವುದಿಲ್ಲ, ತಪ್ಪದೆ ಪಾಲಿಸಬೇಕಾದ ನಿಯಮಗಳನ್ನು ರೂಪಿಸಿ ಎಂದು ಕೇಂದ್ರಕ್ಕೆ ಹೇಳಿತು. 2025ರ ಏಪ್ರಿಲ್ 30ರಂದು ಅದೇ ನ್ಯಾಯಾಲಯ ಇನ್ನೂ ಮುಂದೆ ಹೋಯಿತು. ಆ್ಯಸಿಡ್ ದಾಳಿಗೆ ಒಳಗಾದವರು ಮತ್ತು ಅಂಧರೊಬ್ಬರು, ಗ್ರಾಹಕರ ಗುರುತನ್ನು ಆನ್‌ಲೈನಿನಲ್ಲಿ ಖಚಿತಪಡಿಸುವ ಇ-ಕೆವೈಸಿಯ ಬಗ್ಗೆ ಮೊರೆ ಹೋಗಿದ್ದರು. ಕ್ಯಾಮೆರಾದ ಮುಂದೆ ಕಣ್ಣು ಮಿಟುಕಿಸಿ ಎಂದರೆ ರೆಪ್ಪೆಯೇ ಇಲ್ಲದವರು ಏನು ಮಾಡಬೇಕು? ಡಿಜಿಟಲ್ ಸೇವೆಗಳನ್ನು ಪಡೆಯುವ ಹಕ್ಕು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನಲ್ಲೇ ಸೇರಿದೆ ಎಂದು ತೀರ್ಪು ಬಂತು, 20 ನಿರ್ದೇಶನಗಳೂ ಬಂದವು. ಆಡಳಿತ ಮಂಡಳಿಗೆ ಬರೆಯುವ ಟಿಪ್ಪಣಿಯಲ್ಲಿ ಇವೆರಡು ತೀರ್ಪುಗಳನ್ನು ಉಲ್ಲೇಖಿಸಿ.

ಆದರೆ ಕಾನೂನಿಗಿಂತ ನನ್ನನ್ನು ಕಾಡುವುದು ಬೇರೆ. ನನ್ನ ವಿದ್ಯಾರ್ಥಿನಿಯೊಬ್ಬಳು, ಸೊರಬದ ಕಡೆಯವಳು, ಒಂದು ಕಚೇರಿಯ ಆನ್‌ಲೈನ್ ಅರ್ಜಿಯನ್ನು ಒಂದೂವರೆ ತಾಸು ಕೂತು ಒಬ್ಬಳೇ ತುಂಬಿದ್ದಳು. ಕೊನೆಯಲ್ಲಿ, ಸೊಟ್ಟ ಅಕ್ಷರಗಳ ಚಿತ್ರವನ್ನು ನೋಡಿ ಟೈಪ್ ಮಾಡಿ ಎಂದು ಬಂತು. ಕೇಳಿಸಿಕೊಳ್ಳುವ ಆಯ್ಕೆ ಇರಲಿಲ್ಲ. ಪಕ್ಕದ ಮನೆಯವರನ್ನು ಕರೆತರುವಷ್ಟರಲ್ಲಿ ಅವಧಿ ಮುಗಿದು ತುಂಬಿದ್ದೆಲ್ಲ ಅಳಿಸಿಹೋಗಿತ್ತು. ಎರಡನೇ ಸಲ ಅವಳು ತನ್ನ ಪಾಸ್‌ವರ್ಡು, ಬ್ಯಾಂಕ್ ಖಾತೆಯ ವಿವರ ಎಲ್ಲವನ್ನೂ ಇನ್ನೊಬ್ಬರಿಗೆ ಹೇಳಿ ತುಂಬಿಸಿದಳು. ಓದು ಬರಹ ಎಲ್ಲ ಬಲ್ಲ ಹುಡುಗಿ ಅವಳು. ನಿಮ್ಮ ಸದಸ್ಯರೂ ಇಂದು ತಮ್ಮ ಸಾಲದ ಬಾಕಿಯನ್ನು ಮಗನ ಕೈಲೋ ಮೊಮ್ಮಗನ ಕೈಲೋ ಓದಿಸಿಕೊಳ್ಳುತ್ತಿರಬೇಕು. ಊರಲ್ಲಿ ಮನೆಯೊಳಗಿನ ಲೆಕ್ಕ ಹೊರಗೆ ಬೀಳುವುದು ಎಂಥ ಸಂಕಟ ಎಂದು ಸಂಘದಲ್ಲಿ ಕೆಲಸ ಮಾಡುವ ನಿಮಗೆ ಗೊತ್ತು. ಲಾಗಿನ್ ಪುಟದಲ್ಲಿ ಇಂಥ ಚಿತ್ರವಿದ್ದರೆ ತೆಗೆಸಿ, ಒಟಿಪಿಗೆ ಸಾಕಷ್ಟು ಸಮಯ ಕೊಡಿಸಿ, ಅವಧಿ ಮುಗಿಯುವ ಮುನ್ನ ‘ಇನ್ನೂ ಸಮಯ ಬೇಕೇ’ ಎಂದು ಕೇಳುವಂತೆ ಮಾಡಿಸಿ.

ಸೈಟು ಕಟ್ಟಿದವರೊಂದಿಗೆ ಮಾತಾಡುವಾಗ ‘ಅಂಧರಿಗೆ ಅನುಕೂಲ ಮಾಡಿ’ ಎಂದಷ್ಟೇ ಹೇಳಬೇಡಿ, ಅದಕ್ಕೆ ಅವರು ತಮಗೆ ತೋಚಿದ ಅರ್ಥ ಹಚ್ಚುತ್ತಾರೆ. ‘ಡಬ್ಲ್ಯುಸಿಎಜಿ 2.2ರ ಎಎ ಮಟ್ಟ’ (ಆ ಮಾರ್ಗಸೂಚಿಯ ಮೂರು ಮಟ್ಟಗಳಲ್ಲಿ ನಡುವಿನದು) ಎಂದು ಬರವಣಿಗೆಯಲ್ಲಿ ಕೊಡಿ. ಮೇಲೆ ಹೇಳಿದ ತಿದ್ದುಪಡಿಗಳಿಗೆ ಪ್ರತ್ಯೇಕವಾಗಿ ಎಷ್ಟಾಗುತ್ತದೆ ಎಂದು ಕೇಳಿ. ಹೊಸ ಸೈಟಿನ ಮೊತ್ತ ಅಲ್ಲಿಗೆ ಬದಿಗೆ ಸರಿಯುತ್ತದೆ. ತಂತ್ರಾಂಶದ ಪರೀಕ್ಷೆಯಲ್ಲಿ ನೂರಕ್ಕೆ ನೂರು ಬಂದಿದೆ ಎಂದು ಅವರು ವರದಿ ತೋರಿಸಬಹುದು. ಆ ಪರೀಕ್ಷೆಗೆ ಚಿತ್ರಕ್ಕೆ ವಿವರಣೆ ಇದೆಯೇ ಎಂಬುದು ಗೊತ್ತಾಗುತ್ತದೆ, ಆ ವಿವರಣೆಗೆ ಅರ್ಥವಿದೆಯೇ ಎಂಬುದು ಗೊತ್ತಾಗುವುದಿಲ್ಲ. ಹಾಗಾಗಿ ನಿಮ್ಮ ಆ ಸದಸ್ಯರನ್ನೇ ಪರೀಕ್ಷಕರನ್ನಾಗಿ ಕೂರಿಸಿ, ಅವರ ಸಮಯಕ್ಕೆ ಸಂಘದಿಂದ ಗೌರವಧನ ಕೊಡಿ. ಗುತ್ತಿಗೆಯ ಕೊನೆಯ ಕಂತನ್ನು ತಡೆದಿಟ್ಟುಕೊಂಡು, ಅವರು ಯಾರ ನೆರವೂ ಇಲ್ಲದೆ ತಮ್ಮ ಫೋನಿನಲ್ಲಿ ಲಾಗಿನ್ ಆಗಿ, ತಮ್ಮ ಸಾಲದ ಬಾಕಿಯನ್ನು ಇಯರ್‌ಫೋನಿನಲ್ಲಿ ತಾವೊಬ್ಬರೇ ಕೇಳಿಸಿಕೊಂಡ ದಿನ ಬಿಡುಗಡೆ ಮಾಡಿ.